ಡೇವಿಟ್‌ನಲ್ಲಿ ಡಿಂಗಿ: ಮಳೆಗಾಲಕ್ಕೆ ಮುಂಚೆ ಮಾಂಡವಿಯಲ್ಲಿ ಮಾಡಿದ ಕೆಲಸ

ಪಣಜಿಯಿಂದ ಮಾಂಡವಿ ಹೊಳೆ ದಾಟಿ, ಬೇತಿ ಕಡೆಯಿಂದ ದಡ ಹಿಡಿದು ಮೇಲಕ್ಕೆ ಹೋದರೆ ಬ್ರಿಟೋನಾ ಸಿಗುತ್ತದೆ. ಅಲ್ಲಿ ನೀರಲ್ಲಿ ತೇಲುವ ಬೋಯಾಕ್ಕೆ ಕಟ್ಟಿ ನಿಲ್ಲಿಸಿರುವ 12 ಮೀಟರಿನ ಹಾಯಿ ಬೋಟೊಂದರ ಉಸ್ತುವಾರಿ ನನ್ನದು. ಮಾಲೀಕರು ಬೆಳಗಾವಿಯವರು, ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಮಳೆಗಾಲದಲ್ಲೂ ಬೋಟು ನೀರಲ್ಲೇ ಇರುತ್ತದೆ. ದಡಕ್ಕೆ ಓಡಾಡಲು ಒಂದು ಡಿಂಗಿ, ಅಂದರೆ ಸಣ್ಣ ದೋಣಿ, ಇದೆ. ಕೆಳಗೆ ಫೈಬರ್ ತಳ, ಸುತ್ತ ಗಾಳಿ ತುಂಬಿದ ರಬ್ಬರ್ ಟ್ಯೂಬು, 3.1 ಮೀಟರ್ ಉದ್ದ. ಕೆಲಸ ಇಲ್ಲದಾಗ ಅದು ಬೋಟಿನ ಹಿಂಬದಿಯ ಡೇವಿಟ್‌ಗಳಲ್ಲಿ ನೇತಾಡುತ್ತದೆ.

ಡೇವಿಟ್ ಅಂದರೆ ಬೋಟಿನ ಹಿಂಬದಿಯಿಂದ ನೀರಿನ ಮೇಲೆ ಚಾಚಿಕೊಂಡ ಎರಡು ಸ್ಟೀಲ್ ಕೈಗಳು. ಒಂದೊಂದರ ತುದಿಯಲ್ಲಿ ರಾಟೆ, ಹಗ್ಗ. ಎರಡು ಕಡೆಯಿಂದ ಎಳೆದರೆ ಡಿಂಗಿ ಅಡ್ಡಡ್ಡಲಾಗಿ ಮೇಲೆ ಬರುತ್ತದೆ. ನೋಡೋಕೆ ಸುಲಭದ ಸಾಮಾನು. ಆದರೆ ರಾತ್ರಿಯಿಡೀ ಸುರಿಯುವ ಮಳೆಯಲ್ಲಿ, ಬಾರ್ಜ್ ಎಬ್ಬಿಸಿದ ಅಲೆಗೆ ಬೋಟು ಹೊಯ್ದಾಡುವಾಗ, ಆ ಡಿಂಗಿ ಯಾವುದರ ಮೇಲೆ ನಿಂತಿದೆ ಎಂಬುದನ್ನು ಯಾರೂ ನೋಡಿರುವುದಿಲ್ಲ. ಈ ಸಲ ಮೇ ತಿಂಗಳಲ್ಲಿ ಮಾಲೀಕರೇ ಫೋನ್ ಮಾಡಿ, "ಮಳೆ ಹತ್ತೋದ್ರೊಳಗೆ ಅದನ್ನ ಪೂರ್ತಿ ಬಿಚ್ಚಿ ನೋಡಿಬಿಡ್ರಿ" ಅಂದರು. ನಾನು ಕುಮಟಾ ಕಡೆಯವನು. ಮುಂಬೈಯಿಂದ ಹಡಗು ಹತ್ತಿ ವರ್ಷಗಟ್ಟಲೆ ಡೆಕ್ ಮೇಲೆ ದುಡಿದಿದ್ದೇನೆ. ಲೈಫ್‌ಬೋಟ್ ಇಳಿಸುವ, ಎತ್ತುವ ಕೆಲಸದಲ್ಲಿ ಕೈ ಪಳಗಿದೆ. ಜೊತೆಗೆ ಗದಗದ ಒಬ್ಬ ಹುಡುಗ ಇದ್ದಾನೆ. ವಾಸ್ಕೋದ ಬೈನಾದಲ್ಲಿ ಅವನ ಮನೆಯವರಿದ್ದಾರೆ, ಕೆಲಸ ಬೇಗ ಕಲಿಯುತ್ತಾನೆ.

ಮೊದಲು ತೂಕ

ಹಗ್ಗ, ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಉಕ್ಕಿನ ಕೊಂಡಿ) ಎಲ್ಲ ಆಮೇಲೆ. ಮೊದಲು ತೂಕ ಗೊತ್ತಾಗಬೇಕು. ಡೇವಿಟ್ ಮೇಲೆ ಒಂದು ಪಟ್ಟಿ ಇದೆ, ಒಂದೊಂದು ಕೈಗೆ 125 ಕೆಜಿ ಎಂದು ಕೊರೆದಿದ್ದಾರೆ. "ಎರಡೂ ಸೇರಿ 250 ಆಯ್ತಲ್ಲ ಅಣ್ಣಾ, ಡಿಂಗಿ ಅಷ್ಟಿಲ್ಲ" ಅಂದ ಹುಡುಗ. ಹೆಚ್ಚಿನವರು ಲೆಕ್ಕ ಹಾಕುವುದು ಹೀಗೇ. ಆದರೆ ಡಿಂಗಿ ಅಡ್ಡಲಾಗಿ ನೇತಾಡುವುದರಿಂದ ಒಂದು ಕೈ ಅದರ ಮೂತಿಯನ್ನು ಹೊರುತ್ತದೆ, ಇನ್ನೊಂದು ಎಂಜಿನ್ ಇರುವ ಹಿಂಭಾಗವನ್ನು. ಎರಡೂ ಸಮ ಅಲ್ಲ.

ಕೊಕ್ಕೆಗೆ ನೇತುಹಾಕುವ ಡಿಜಿಟಲ್ ತಕ್ಕಡಿ ತಂದು, ದಡದ ಶೆಡ್ಡಿನಲ್ಲಿ ಎರಡು ತುದಿಯನ್ನೂ ಬೇರೆ ಬೇರೆಯಾಗಿ ತೂಗಿದೆವು. 8 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ತುಂಬಿದ ಪೆಟ್ರೋಲ್ ಟ್ಯಾಂಕ್, ಸಣ್ಣ ಲಂಗರು, ಸರಪಳಿ ಎಲ್ಲ ಸೇರಿ 107 ಕೆಜಿ. ಅದರಲ್ಲಿ ಹಿಂಭಾಗಕ್ಕೆ 75, ಮೂತಿಗೆ 32. ಎಂಜಿನ್ನನ್ನೂ ಟ್ಯಾಂಕನ್ನೂ ತೆಗೆದ ಮೇಲೆ ಹಿಂಭಾಗಕ್ಕೆ 37 ಬಂತು, ಮೂತಿ 32ರಲ್ಲೇ ಉಳಿಯಿತು.

75 ಅಂದರೆ 125ಕ್ಕಿಂತ ಕಡಿಮೆಯೇ. ಆದರೆ ಎತ್ತುವ ಹೊತ್ತಿಗೆ ಡೇವಿಟ್ ತುದಿಗೆ ಬೀಳುವ ಭಾರ 75 ಅಲ್ಲ. ನಮ್ಮ ರಾಟೆಯಲ್ಲಿ ಡಿಂಗಿಯನ್ನು ಹೊರುವುದು ನಾಲ್ಕು ಎಳೆ. ಕೈಯಲ್ಲಿ ಎಳೆಯುವ ಐದನೇ ಎಳೆ ಮೇಲಿನ ರಾಟೆಯಿಂದ ಕೆಳಕ್ಕೆ ಬರುತ್ತದೆ. ನಾನು ಕೆಳಕ್ಕೆ ಜಗ್ಗಿದಷ್ಟೂ ಭಾರ ಡೇವಿಟ್ ತುದಿಗೇ ಸೇರುತ್ತದೆ. 75ನ್ನು ನಾಲ್ಕರಿಂದ ಭಾಗಿಸಿದರೆ 19, ಗಾಲಿಗಳ ಉಜ್ಜಾಟ ಸೇರಿದರೆ ಸುಮಾರು 25. ಒಟ್ಟು 100. ಇನ್ನು ಕೈ ಜಾರಿ ಹಗ್ಗ ಒಂದು ಗೇಣು ಬಿಟ್ಟು ಥಟ್ಟನೆ ಹಿಡಿದುಕೊಂಡರೆ? ಭಾರ ಒಮ್ಮೆಗೇ ಬಿದ್ದಾಗ, ಬೀಳುವ ಎತ್ತರ ಏನೂ ಇಲ್ಲದಿದ್ದರೂ, ಅದರ ಎರಡು ಪಟ್ಟು ತಗಲುತ್ತದೆ. 75 ಹೋಗಿ 150 ಆಯಿತು. ಗೇಣು ಜಾರಿದರೆ ಅದಕ್ಕಿಂತ ಜಾಸ್ತಿ.

ಹಾಗಾಗಿ ಮೊದಲ ತೀರ್ಮಾನ ತಕ್ಕಡಿಯ ಮುಂದೆಯೇ ಆಯಿತು. ಎಂಜಿನ್ ಹಾಕಿಕೊಂಡು ಡಿಂಗಿ ಎತ್ತುವುದಿಲ್ಲ. ಎಂಜಿನ್ನಿಗೆ ಬೋಟಿನ ಕಂಬಿಯ ಮೇಲೆ ಮರದ ಹಲಗೆಯ ಸ್ಟ್ಯಾಂಡ್ ಮಾಡಿಸಿದೆವು, ಮೊದಲು ಅದು ಅಲ್ಲಿಗೆ ಹೋಗಬೇಕು. 27 ಕೆಜಿ ಎಂಜಿನ್ ಎತ್ತಿ ಇಡುವುದು ಬೇಸರದ ಕೆಲಸ, ಒಪ್ಪುತ್ತೇನೆ. ಅದಕ್ಕೇ ಒಂದು ಸಣ್ಣ ರಾಟೆಯನ್ನೂ ಹಾಕಿಕೊಟ್ಟೆ.

ನೀರಿನ ತೂಕ

ಇದನ್ನು ಬೇರೆಯಾಗಿಯೇ ಬರೆಯುತ್ತೇನೆ. ಏಕೆಂದರೆ ಇಲ್ಲಿ ಡೇವಿಟ್ ಮುರಿಯುವುದು ಡಿಂಗಿಯ ತೂಕಕ್ಕಲ್ಲ, ಮಳೆನೀರಿಗೆ.

ಟ್ಯೂಬುಗಳ ನಡುವಿನ ಜಾಗ ಅಳೆದೆ. 2.2 ಮೀಟರ್ ಉದ್ದ, 75 ಸೆಂ.ಮೀ. ಅಗಲ. ಅಂದರೆ 1.65 ಚದರ ಮೀಟರ್. ಅಲ್ಲಿ 100 ಮಿ.ಮೀ. ಮಳೆ ನಿಂತರೆ 165 ಲೀಟರ್, 165 ಕೆಜಿ. ಟ್ಯೂಬಿನ ಮೇಲೆ ಬಿದ್ದು ಒಳಗೆ ಇಳಿಯುವ ನೀರು ಬೇರೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಒಂದು ರಾತ್ರಿಗೆ 100 ಮಿ.ಮೀ. ಎಂಬುದು ಕರಾವಳಿಯವರಿಗೆ ಹೊಸದೇನಲ್ಲ. ಆ ನೀರು ಸುಮ್ನೆ ಒಂದು ಕಡೆ ನಿಲ್ಲುವುದೂ ಇಲ್ಲ. ಬೋಟು ಹೊರಳಿದ ಕಡೆಗೆ ಓಡುತ್ತದೆ, ತಗ್ಗಾದ ತುದಿಗೆ ನುಗ್ಗಿ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಕೊನೆಗೆ ಭಾರವೆಲ್ಲ ಒಂದೇ ಕೈಗೆ.

ಇದಕ್ಕೆ ಮದ್ದು ಡಿಂಗಿಯಲ್ಲೇ ಇದೆ. ಹಿಂಬದಿ ಹಲಗೆಯ ಬುಡದಲ್ಲಿರುವ ಡ್ರೈನ್ ಪ್ಲಗ್. ತೂತಿನ ಅಗಲ 25 ಮಿ.ಮೀ. ಐದು ಸೆಂ.ಮೀ. ನೀರು ನಿಂತಿದ್ದಾಗ ಅದರಲ್ಲಿ ನಿಮಿಷಕ್ಕೆ ಹದಿನೈದು ಲೀಟರಿಗೂ ಜಾಸ್ತಿ ಹೊರಗೆ ಹೋಗುತ್ತದೆ. ಗಂಟೆಗೆ 60 ಮಿ.ಮೀ. ಮಳೆ ಹೊಡೆದರೂ ಒಳಗೆ ಬರುವುದು ನಿಮಿಷಕ್ಕೆ ಎರಡು ಲೀಟರಿಗಿಂತ ಕಡಿಮೆ. ಅಂದರೆ ತೂತು ತೆರೆದಿದ್ದರೆ ಸಾಕೋ ಸಾಕು. ತೆರೆದಿರಬೇಕು, ನೀರು ಅಲ್ಲಿಗೆ ತಲುಪಬೇಕು, ಕಸ ಕಟ್ಟಬಾರದು. ಈ ಮೂರೂ ಆಗುವಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಅದಕ್ಕೆ ಡಿಂಗಿಯನ್ನು ಮಟ್ಟಸವಾಗಿ ನೇತುಹಾಕುವುದನ್ನು ಬಿಟ್ಟೆವು. ಹಿಂಭಾಗ ಮೂರು ಇಂಚು ತಗ್ಗಿರುವ ಹಾಗೆ ಸ್ಲಿಂಗ್, ಅಂದರೆ ಡಿಂಗಿಯನ್ನು ರಾಟೆಗೆ ಸಿಕ್ಕಿಸುವ ಹಗ್ಗ, ಅದರ ಉದ್ದ ಹೊಂದಿಸಿದೆವು. ಒಂದು ಬಕೆಟ್ ನೀರು ಮೂತಿಯಲ್ಲಿ ಸುರಿದು ನೋಡಿದಾಗ ಪೂರ್ತಿ ಹಿಂದಕ್ಕೆ ಬಂದು ತೂತಿನಿಂದ ಇಳಿಯಿತು. ತೂತಿಗೆ ಚಪ್ಪಟೆ ಜಾಲರಿ ಹಾಕಿದರೆ ಒಂದೇ ಎಲೆ ಸಾಕು ಮುಚ್ಚಲು. ಅದಕ್ಕೇ ಉಬ್ಬಿದ ಜಾಲರಿ ಹಾಕಿದೆವು. ಬುಡಕ್ಕೆ ಕಸ ಕಟ್ಟಿದರೂ ಮೇಲಿನಿಂದ ನೀರು ಹೋಗುತ್ತದೆ. ತಾಡಪಾಲು ಹೊದಿಸಿದರೆ ಆಗಲ್ವಾ ಎಂದು ಮಾಲೀಕರು ಕೇಳಿದರು. ಬಿಸಿಲಿಗೆ ಒಳ್ಳೆಯದು. ಮಳೆಗೆ ಅದನ್ನು ನಂಬಿ ಪ್ಲಗ್ ಹಾಕಿಡಬಾರದು. ತಾಡಪಾಲು ಜೋತು ಬಿದ್ದರೆ ಅದರ ಮೇಲೆಯೇ ಹೊಂಡ ಆಗುತ್ತದೆ.

ಪ್ಲಗ್‌ಗೆ ಕೆಂಪು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಸ್ಲಿಂಗ್ ಉಂಗುರಕ್ಕೆ ಸಿಕ್ಕಿಸಿದೆ. ಡಿಂಗಿ ಇಳಿಸುವವನು ಉಂಗುರ ಹಿಡಿಯುವಾಗ ಪ್ಲಗ್ ಕೈಗೆ ತಾಗುತ್ತದೆ. ಮರೆಯುವ ಪ್ರಶ್ನೆಯೇ ಇಲ್ಲ.

ಕೊಳೆತ ಹಲಗೆ

ಹಿಂದೆ ಯಾರೋ ಕಟ್ಟಿದ್ದ ರೀತಿ ಹೀಗಿತ್ತು. ಹಿಂಬದಿ ಹಲಗೆಗೆ ಎರಡು ಸಣ್ಣ ಐ-ಬೋಲ್ಟ್ (ತಲೆಯಲ್ಲಿ ಉಂಗುರ ಇರುವ ಬೋಲ್ಟ್), ಹಿಂದೆ ಬರೀ ವಾಷರ್. ಮೂತಿಯ ಕಡೆ, ಟ್ಯೂಬಿಗೆ ಅಂಟಿಸಿದ ಹಿಡಿಕೆಗೇ ಹಗ್ಗ. ಆ ಹಿಡಿಕೆ ಇರುವುದು ಜನ ಹಿಡಿದುಕೊಳ್ಳಲು. ಅದರ ಗೋಂದು ಬಿಸಿಲಿಗೆ ಮೆತ್ತಗಾಗುತ್ತದೆ, ಅಂಚಿನಿಂದ ಸುಲಿಯಲು ಶುರುವಾದರೆ ಪೂರ್ತಿ ಎದ್ದು ಬರುತ್ತದೆ. ಅದೃಷ್ಟಕ್ಕೆ ಮೂತಿಯ ತಳದಲ್ಲಿ, ಫೈಬರಿನೊಳಗೇ ಕೂರಿಸಿದ ಗಟ್ಟಿ ಎತ್ತುವ ಉಂಗುರ ಇತ್ತು. ಸಾಮಾನಿನ ಚೀಲದ ಅಡಿಯಲ್ಲಿ ಅಡಗಿತ್ತು ಅಷ್ಟೆ. ಅದನ್ನು ಉಜ್ಜಿ, ಸುತ್ತಲಿನ ಫೈಬರ್ ಬಿರುಕು ಬಿಟ್ಟಿಲ್ಲ ಎಂದು ನೋಡಿ, ಬಳಕೆಗೆ ತಂದೆವು.

ಐ-ಬೋಲ್ಟ್ ನೇರವಾಗಿ ಎಳೆದರೆ ಗಟ್ಟಿ. ಓರೆಯಾಗಿ ಎಳೆದರೆ ಅದರ ಕತೆ ಬೇರೆ. ಭುಜ (ಉಂಗುರದ ಬುಡದಲ್ಲಿ ಅಗಲವಾದ ಅಂಚು) ಇರುವ ಒಳ್ಳೆಯ ಐ-ಬೋಲ್ಟ್ ಕೂಡ 45 ಡಿಗ್ರಿ ಓರೆ ಎಳೆತಕ್ಕೆ ತನ್ನ ಬಲದಲ್ಲಿ ಮೂರನೇ ಒಂದು ಭಾಗವನ್ನೂ ಉಳಿಸಿಕೊಳ್ಳುವುದಿಲ್ಲ. ಇಲ್ಲಿದ್ದವಕ್ಕೆ ಭುಜವೂ ಇರಲಿಲ್ಲ. ಎರಡನ್ನೂ ಬಿಚ್ಚಿ 8 ಮಿ.ಮೀ. ಯು-ಬೋಲ್ಟ್ ಹಾಕುವುದು ಎಂದುಕೊಂಡೆವು.

ಹಲಗೆಯ ಒಳಗಿರುವುದು ಪ್ಲೈವುಡ್, ಎರಡೂ ಕಡೆ ಫೈಬರ್. ಬಲಗಡೆಯ ಹಳೇ ತೂತನ್ನು ಹುಡುಗ ಡ್ರಿಲ್ ಹಾಕಿ ದೊಡ್ಡದು ಮಾಡುತ್ತಿದ್ದ. ಮೊದಲು ಬಿಳಿ ಫೈಬರ್ ಪುಡಿ ಉದುರಿತು. ಆಮೇಲೆ ಪುಡಿ ಬರುವುದೇ ನಿಂತು, ಬಿಟ್‌ಗೆ ಸುತ್ತಿಕೊಂಡು ಕಪ್ಪನೆಯ ಒದ್ದೆ ನಾರು ಬಂತು. ಬೆರಳಲ್ಲಿ ಹಿಸುಕಿದರೆ ನೀರು ಒಸರಿತು, ಹುಳಿ ವಾಸನೆ. "ಅಣ್ಣಾ, ಮ್ಯಾಲೆ ಚಲೋ ಅದ, ಒಳಗ ಕೊಳತದ" ಅಂದ. ಡ್ರಿಲ್ ನಿಲ್ಲಿಸಿ ಸ್ಕ್ರೂಡ್ರೈವರ್ ಹಿಡಿಯಿಂದ ಸುತ್ತ ಬಡಿದು ನೋಡಿದೆವು. ತೂತಿನಿಂದ ಎರಡು ಬೆರಳಿನಷ್ಟು ದೂರದವರೆಗೆ ಸದ್ದು ಮಂದ, ಅದರಾಚೆ ಟಣ್ ಟಣ್. ಅಷ್ಟರಲ್ಲೇ ಸಿಕ್ಕಿತು, ಪುಣ್ಯ.

ಕೊಳೆತದ್ದನ್ನೆಲ್ಲ ಕೊಕ್ಕೆ ಮಾಡಿದ ಕಂಬಿಯಿಂದ ಒಳಗಿಂದಲೇ ಕೆರೆದು ತೆಗೆದೆವು. ಬಿಳಿ ಮರ ಬರುವವರೆಗೂ ಬಿಡಲಿಲ್ಲ. ಆಮೇಲೆ ಒಣಗಿಸಬೇಕು. ಮೇ ತಿಂಗಳ ಗೋವಾ ಗಾಳಿಯಲ್ಲಿ ಒಣಗುವುದೇ ಕಷ್ಟ. ಶೆಡ್ಡಿನೊಳಗೆ ದೊಡ್ಡ ಬಲ್ಬ್ ಹಚ್ಚಿ, ಪಕ್ಕದಲ್ಲಿ ಫ್ಯಾನ್ ಇಟ್ಟು ಕೆಲವು ದಿನ ಹಾಗೇ ಬಿಟ್ಟೆವು. ಈ ಹಂತದಲ್ಲಿ ಅವಸರ ಮಾಡಿದರೆ ನೀರನ್ನು ಒಳಗೇ ಹಾಕಿ ಮೊಹರು ಮಾಡಿದ ಹಾಗೆ ಆಗುತ್ತದೆ. ಆಮೇಲೆ ತುಂಬುವ ಎಪಾಕ್ಸಿ ಅಂಟು ಒದ್ದೆ ಮರಕ್ಕೆ ಹಿಡಿಯುವುದಿಲ್ಲ.

ಒಣಗಿದ ಮೇಲೆ ನಾಲ್ಕೂ ತೂತುಗಳನ್ನು 14 ಮಿ.ಮೀ.ಗೆ ಹಿಗ್ಗಿಸಿ, ಹಿಂದಿನಿಂದ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿ ಸವರಿದೆವು. ಅದು ಮರ ಕುಡಿದ ಮೇಲೆ, ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ ತುಂಬಿದೆವು. ಗಟ್ಟಿಯಾದ ನಂತರ ಅದರ ನಡುವೆ 8 ಮಿ.ಮೀ. ತೂತು. ಈಗ ಬೋಲ್ಟ್ ಸುತ್ತ ಇರುವುದು ಎಪಾಕ್ಸಿ, ಮರ ಅಲ್ಲ. ಮುಂದೆ ಸೀಲಂಟ್ ಸೋತರೂ ನೀರು ಪ್ಲೈವುಡ್‌ಗೆ ಹೋಗುವುದಿಲ್ಲ. ಡಿಂಗಿಯೇ ಇರಲಿ, ಹಾಯಿ ಬೋಟಿನ ಡೆಕ್ಕೇ ಇರಲಿ, ಒಳಗೆ ಮರ ಇರುವ ಕಡೆ ಬೋಲ್ಟ್ ಹಾಕುವಾಗ ಇದೊಂದು ಕ್ರಮವನ್ನು ಬಿಡಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಯು-ಬೋಲ್ಟ್ 316 ಸ್ಟೇನ್‌ಲೆಸ್. 304ಕ್ಕೂ ಇದಕ್ಕೂ ನೋಡಲು ವ್ಯತ್ಯಾಸ ಇಲ್ಲ, ಮ್ಯಾಗ್ನೆಟ್ ಹಿಡಿದರೂ ಗೊತ್ತಾಗಲ್ಲ. 316ರಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಮ್ ಇರುತ್ತದೆ, ಉಪ್ಪುನೀರಿನ ಎದುರು ನಿಲ್ಲುವುದು ಅದರಿಂದ. ವಾಸ್ಕೋದ ಹಡಗು ಸಾಮಾನಿನ ಅಂಗಡಿಯಲ್ಲಿ ಗುರುತು ಹೊಡೆದದ್ದನ್ನೇ ಕೇಳಿ ತಂದೆ. ಗುರುತಿಲ್ಲದ ಶ್ಯಾಕಲ್ ಅರ್ಧ ಬೆಲೆಗೆ ಸಿಗುತ್ತದೆ, ಹಳ್ಳಿಯ ಗೇಟಿಗೆ ಆಗಬಹುದು, ಭಾರ ಎತ್ತಲು ಬೇಡ. ಹಲಗೆಯ ಹೊರಗೆ 100 ಮಿ.ಮೀ.ಗೆ 50 ಮಿ.ಮೀ. ಅಳತೆಯ, 4 ಮಿ.ಮೀ. ದಪ್ಪದ ಪ್ಲೇಟ್ ಕೊಟ್ಟೆವು. ಎಳೆತ ಎರಡು ವಾಷರಿನ ಬದಲು ಇಡೀ ಪ್ಲೇಟಿಗೆ ಹಂಚಿಹೋಗುತ್ತದೆ. ಸ್ಟೇನ್‌ಲೆಸ್ ನಟ್ ಒಣದಾಗಿ ಬಿಗಿದರೆ ಎಳೆಗಳು ಕಚ್ಚಿಕೊಂಡು ಬೆಸೆದಂತೆ ಆಗುತ್ತವೆ, ಅದಕ್ಕೆ ಗ್ರೀಸ್ ಹಚ್ಚಿ ನಿಧಾನಕ್ಕೆ ತಿರುಗಿಸಿದೆವು.

ಡೇವಿಟ್ ಬುಡದ ಕೆಂಪು ಗೆರೆ

ಡಿಂಗಿ ಒಣಗುತ್ತಿದ್ದಾಗ ಡೇವಿಟ್ ಕಡೆ ಬಂದೆವು. ಪೈಪ್ ಫಳಫಳ ಹೊಳೆಯುತ್ತಿತ್ತು. ಆದರೆ ಭಾರ ಪೂರ್ತಿ ಬೀಳುವುದು ಬುಡದ ಪ್ಲೇಟಿಗೆ ಪೈಪ್ ಬೆಸೆದ ಜಾಗದಲ್ಲಿ. ಅಲ್ಲಿ ಕಂದು ಬಣ್ಣದ ತೆಳು ಕಲೆ ಇತ್ತು. ಕಲೆಯನ್ನು ಒರೆಸಿ ಬಿಡಬಹುದಿತ್ತು. ನನಗೆ ಸಮಾಧಾನ ಆಗಲಿಲ್ಲ. ವಾಸ್ಕೋದಲ್ಲಿ ಹಡಗು ರಿಪೇರಿಯವರು ಬಳಸುವ ಮೂರು ಸ್ಪ್ರೇ ಡಬ್ಬಿಗಳ ಬಿರುಕು ಪರೀಕ್ಷೆ ಸಿಗುತ್ತದೆ. ಕ್ಲೀನರ್ ಹೊಡೆದು ಒರೆಸಿದೆವು. ಕೆಂಪು ಬಣ್ಣ ಹೊಡೆದು ಹದಿನೈದು ನಿಮಿಷ ಬಿಟ್ಟೆವು. ಮೇಲಿನ ಕೆಂಪನ್ನೆಲ್ಲ ಒರೆಸಿ ತೆಗೆದು, ಬಿಳಿ ಪೌಡರಿನ ಸ್ಪ್ರೇ ಹೊಡೆದೆವು.

ಎಡಗಡೆಯ ಬುಡ ಬಿಳಿಯಾಗಿಯೇ ಉಳಿಯಿತು. ಬಲಗಡೆಯಲ್ಲಿ, ಬೆಸುಗೆಯ ಅಂಚಿನಲ್ಲಿ, ನೋಡುತ್ತಿದ್ದಂತೆ ಸಣ್ಣ ಕೆಂಪು ಚುಕ್ಕೆ ಬಂತು. ಪಕ್ಕದಲ್ಲಿ ಇನ್ನೊಂದು. ಎರಡೂ ಸೇರಿ ಕೂದಲೆಳೆಯಷ್ಟು ಗೆರೆಯಾಯಿತು, ಸುಮಾರು ಎರಡು ಸೆಂ.ಮೀ. ಉದ್ದ. ಬಿರುಕಿನೊಳಗೆ ಇಳಿದಿದ್ದ ಬಣ್ಣವನ್ನು ಪೌಡರ್ ಹೊರಗೆಳೆದಿತ್ತು. ಬಲಗಡೆ ಅಂದರೆ ಡಿಂಗಿಯ ಹಿಂಭಾಗ ತೂಗುವ ಕೈ, ಎಂಜಿನ್ ಸಮೇತ ಇಷ್ಟು ವರ್ಷ 75 ಕೆಜಿ ಹೊತ್ತ ಕೈ.

ಡೇವಿಟ್ ಬಿಚ್ಚಿ ದಡಕ್ಕೆ ತಂದೆವು. ಬೆಸುಗೆ ಹಾಕುವವರು ವಿಜಯಪುರದವರು, ಬೇತಿಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾರೆ. ನೋಡಿದವರೇ, "ಇದರ ಮ್ಯಾಲೆ ಹಂಗ ಬೆಸದ್ರ ನಿಲ್ಲಂಗಿಲ್ಲರಿ, ಮೊದಲ ಬಿರುಕು ಪೂರಾ ಕೆತ್ತಿ ತೆಗೀಬೇಕು" ಅಂದರು. ನನಗೂ ಬೇಕಾಗಿದ್ದು ಅದೇ. ಗ್ರೈಂಡರ್‌ನಲ್ಲಿ ಕೆತ್ತಿ, ಮತ್ತೆ ಕೆಂಪು ಬಣ್ಣ ಹೊಡೆದು, ಗೆರೆ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಟಿಗ್‌ನಲ್ಲಿ ಬೆಸೆದರು. ಪೈಪ್ ಮತ್ತು ಪ್ಲೇಟ್ ನಡುವೆ ಎರಡೂ ಕಡೆ ಮೂಲೆ ಪಟ್ಟಿ ಕೊಟ್ಟರು. ಆಮೇಲೆ ಮತ್ತೊಮ್ಮೆ ಪರೀಕ್ಷೆ. ಬಿಳಿ.

ಸ್ಲಿಂಗ್, ಕೋನ, ಹಗ್ಗ

ಹಿಂಬದಿಯ ಎರಡು ಯು-ಬೋಲ್ಟ್ ನಡುವೆ 60 ಸೆಂ.ಮೀ. ಅಂತರ. ಅಲ್ಲಿಂದ ಎರಡು ಕಾಲಿನ ಸ್ಲಿಂಗ್ ಎದ್ದು ನಡುವಿನ ಉಂಗುರಕ್ಕೆ ಸೇರುತ್ತದೆ. ಹಳೇ ಸ್ಲಿಂಗ್ ತೀರಾ ಗಿಡ್ಡ, ಉಂಗುರ ಬೋಲ್ಟ್‌ಗಿಂತ 15 ಸೆಂ.ಮೀ. ಮಾತ್ರ ಮೇಲೆ. ಡಿಂಗಿಯನ್ನು ಆದಷ್ಟು ಎತ್ತರಕ್ಕೆ ತರುವ ಆಸೆಗೆ ಹಾಗೆ ಮಾಡಿರುತ್ತಾರೆ. ಇಬ್ಬರು ಸೇರಿ ನೀರು ತುಂಬಿದ ಕೊಡ ಎತ್ತುವಾಗ ಹತ್ತಿರ ನಿಂತರೆ ಹಗುರ, ದೂರ ದೂರ ನಿಂತರೆ ಕೈ ಕಿತ್ತು ಬರುತ್ತದಲ್ವಾ, ಇದೂ ಹಾಗೇ. 75 ಕೆಜಿಗೆ ಆ ಗಿಡ್ಡ ಸ್ಲಿಂಗಿನ ಒಂದೊಂದು ಕಾಲಿಗೆ ಬೀಳುತ್ತಿದ್ದದ್ದು 84 ಕೆಜಿ. ಎರಡು ಕಾಲಿದ್ದೂ ಒಂದೊಂದಕ್ಕೆ ಪೂರ್ತಿ ತೂಕಕ್ಕಿಂತ ಜಾಸ್ತಿ! ಜೊತೆಗೆ ಎರಡು ಬೋಲ್ಟ್‌ಗಳನ್ನೂ ಒಳಕ್ಕೆ 75 ಕೆಜಿ ಬಲದಲ್ಲಿ ಜಗ್ಗುತ್ತಿತ್ತು. ಹಲಗೆ ಕೊಳೆಯಲು ದಾರಿ ಮಾಡಿದ್ದು ಈ ಓರೆ ಎಳೆತವೇ. ಬೋಲ್ಟ್ ಅಲ್ಲಾಡಿ, ಸೀಲಂಟ್ ಬಿಟ್ಟು, ನೀರು ಒಳಗೆ ಹೋಗಿದೆ.

ಉಂಗುರ 52 ಸೆಂ.ಮೀ. ಎತ್ತರದಲ್ಲಿದ್ದರೆ ಕೋನ 60 ಡಿಗ್ರಿ, ಒಂದು ಕಾಲಿಗೆ 43 ಕೆಜಿ. ಅದು ಒಳ್ಳೆಯದು. ಆದರೆ ನಮ್ಮ ಡೇವಿಟ್ ಅಷ್ಟು ಎತ್ತರ ಇಲ್ಲ, ಡಿಂಗಿ ತೀರಾ ಕೆಳಗೆ ನೇತಾಡಿ ಅಲೆಗೆ ತಾಗುತ್ತದೆ. 30 ಸೆಂ.ಮೀ. ಎತ್ತರಕ್ಕೆ, 45 ಡಿಗ್ರಿಗೆ, ಒಪ್ಪಿಕೊಂಡೆ. ಕಾಲಿಗೆ 53. ಎಂಜಿನ್ ತೆಗೆದ ಲೆಕ್ಕಕ್ಕೆ ಅದರ ಅರ್ಧದಷ್ಟೇ. 45ಕ್ಕಿಂತ ಚಪ್ಪಟೆಯಾಗಲು ನಾನು ಬಿಡುವುದಿಲ್ಲ.

ಸ್ಲಿಂಗ್‌ಗೆ 10 ಮಿ.ಮೀ. ಪಾಲಿಯೆಸ್ಟರ್ ಹಗ್ಗ. ಗಂಟು ಹಾಕಲಿಲ್ಲ, ತುದಿಯ ಕುಣಿಕೆಯೊಳಗೆ ಸ್ಟೀಲ್ ತಿಂಬಲ್ (ಹಗ್ಗ ಸವೆಯದಂತೆ ಕಾಯುವ ಬಳೆ) ಕೂರಿಸಿ ಹಗ್ಗವನ್ನು ಹಗ್ಗದೊಳಗೇ ಹೆಣೆದೆ. ಗಂಟು ಹಾಕಿದ ಹಗ್ಗ ಮೂರನೇ ಒಂದು ಭಾಗದಷ್ಟಾದರೂ ಬಲ ಕಳೆದುಕೊಳ್ಳುತ್ತದೆ, ಗಂಟು ಯಾವುದು ಎನ್ನುವುದರ ಮೇಲೆ ಅರ್ಧದವರೆಗೂ ಹೋಗಬಹುದು. ಸರಿಯಾಗಿ ಹೆಣೆದದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ನೈಲಾನ್ ಬೇಡ, ಅದು ಹಿಗ್ಗುತ್ತದೆ, ಡಿಂಗಿ ಮೇಲೆ ಕೆಳಗೆ ಕುಣಿಯುತ್ತದೆ. ಮೀನುಗಾರಿಕೆ ದೋಣಿಗಳಲ್ಲಿ ಕಾಣುವ ಅಗ್ಗದ ಪ್ಲಾಸ್ಟಿಕ್ ಹಗ್ಗವೂ ಬೇಡ, ಬಿಸಿಲಿಗೆ ಪುಡಿಯಾಗುತ್ತದೆ. ಹಳೇ ಡಿಂಗಿಗಳಲ್ಲಿ ಪಟ್ಟಿಯ ಸ್ಲಿಂಗ್ ಇದ್ದರೆ ಪಟ್ಟಿಯನ್ನು ಅಲ್ಲ, ಅದರ ಹೊಲಿಗೆಯನ್ನು ನೋಡಿ. ಮೊದಲು ಸಾಯುವುದು ದಾರ.

ಹಡಗಿನ ಲೈಫ್‌ಬೋಟ್ ನಿಯಮದಲ್ಲಿ ಡೇವಿಟ್‌ನ ಉಕ್ಕಿಗೆ 4.5 ಪಟ್ಟು, ಹಗ್ಗ, ಕೊಂಡಿ, ರಾಟೆಗಳಿಗೆ 6 ಪಟ್ಟು ಬಲ ಇರಬೇಕು. ಖಾಸಗಿ ಬೋಟಿನ ಡಿಂಗಿಗೆ ಆ ನಿಯಮ ಬರುವುದಿಲ್ಲ. ಆದರೂ ನಾನು ಅದೇ 6ನ್ನು ಹಿಡಿದುಕೊಂಡೆ. ಥಟ್ಟನೆ ಬೀಳುವ ಭಾರಕ್ಕೆ 53ನ್ನು ಎರಡು ಪಟ್ಟು ಮಾಡಿ, ಅದರ ಆರು ಪಟ್ಟು ಅಂದರೆ 636. ಹಗ್ಗದ ಚೀಟಿಯಲ್ಲಿ ಒಡೆಯುವ ಬಲ 2000 ಕೆಜಿ ಇದೆ. ಬಿಸಿಲು, ಉಪ್ಪು, ಉಜ್ಜಾಟಕ್ಕೆ ಬೇಕಾದಷ್ಟು ಮಿಗುತ್ತದೆ.

ದಿನಾ ಬಿಚ್ಚುವ ಕಡೆ ತಿರುಪಿನ ಬಾಗಿಲಿರುವ ಕೊಕ್ಕೆ. ಬರೀ ಸ್ಪ್ರಿಂಗ್ ಕೊಕ್ಕೆ ನಂಬಲಾಗದು, ಡಿಂಗಿ ಅಲೆಯಲ್ಲಿ ಏಳುವಾಗ ಸಡಿಲ ಹಗ್ಗ ಬಾಗಿಲಿಗೆ ಅಡ್ಡ ಬಿದ್ದು ತಾನೇ ತೆರೆಯುತ್ತದೆ. ಬಿಚ್ಚದ ಕಡೆ ಶ್ಯಾಕಲ್ ಹಾಕಿ, ಪಿನ್ನಿಗೆ ತಂತಿ ಸುತ್ತಿ ಕಟ್ಟಿದ್ದೇನೆ.

ನೇತಾಡಬಾರದು, ತೂಗಾಡಬಾರದು

ಹಡಗಿನಲ್ಲಿ ಲೈಫ್‌ಬೋಟ್ ರಿಪೇರಿ ಮಾಡುವಾಗ ಎತ್ತುವ ಹಗ್ಗದ ಮೇಲೆ ಭಾರ ಬಿಡುವುದಿಲ್ಲ. ಡೇವಿಟ್‌ನಿಂದ ನೇರವಾಗಿ ಒಂದು ಗಿಡ್ಡ, ಗಟ್ಟಿ ಹಗ್ಗ ಕೊಟ್ಟು ಭಾರವನ್ನು ಅದಕ್ಕೆ ವರ್ಗಾಯಿಸುತ್ತೇವೆ. ಇಲ್ಲೂ ಅದನ್ನೇ ಮಾಡಿದೆ. ಡಿಂಗಿ ಮೇಲೆ ಬಂದ ಕೂಡಲೇ ಡೇವಿಟ್ ತುದಿಯ ಉಂಗುರದಿಂದ ಸ್ಲಿಂಗಿನ ಉಂಗುರಕ್ಕೆ ಗಿಡ್ಡ ಹಗ್ಗ. ಅದನ್ನು ಸಿಕ್ಕಿಸಿ ರಾಟೆಯ ಹಗ್ಗವನ್ನು ಒಂದು ಇಂಚು ಸಡಿಲ ಬಿಟ್ಟರೆ ಭಾರ ಗಿಡ್ಡ ಹಗ್ಗಕ್ಕೆ ಕೂರುತ್ತದೆ. ಇನ್ನು ರಾತ್ರಿ, ಹಗ್ಗದ ತುದಿ ಸುತ್ತಿ ಕಟ್ಟುವ ಕ್ಲೀಟ್‌ನಿಂದ ಹಗ್ಗ ಜಾರಿದರೂ ಡಿಂಗಿ ಬೀಳುವುದಿಲ್ಲ. ಐದನೇ ಎಳೆಯ ಭಾರವೂ ಡೇವಿಟ್‌ನಿಂದ ಇಳಿಯುತ್ತದೆ. ಈ ಎರಡು ಗಿಡ್ಡ ಹಗ್ಗಗಳಿಗೆ ಖರ್ಚು ಏನೂ ಇಲ್ಲ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಇವೇ.

ಆಮೇಲೆ ತೂಗಾಟ. ಮಾಂಡವಿಯಲ್ಲಿ ಸಮುದ್ರದ ಅಲೆ ಒಳಗೆ ಅಷ್ಟು ಬರದಿದ್ದರೂ ಬೇತಿ ಫೆರಿ, ಅದಿರಿನ ಬಾರ್ಜು, ಪ್ರವಾಸಿ ದೋಣಿಗಳು ಎಬ್ಬಿಸುವ ಅಲೆ ಬಿಡುವುದಿಲ್ಲ. ಮಳೆಗಾಲದಲ್ಲಿ ಖಾನಾಪುರದ ಕಾಡಿನಿಂದ ಇಳಿದು ಬರುವ ನೀರೂ ಸೇರಿ ಇಳಿತದ ಸೆಳೆತ ಜೋರಾಗಿರುತ್ತದೆ. ತೂಗಾಡುವ ಡಿಂಗಿ ಪ್ರತಿ ಸಲವೂ ಡೇವಿಟ್ ಬುಡವನ್ನು ಎಡಕ್ಕೂ ಬಲಕ್ಕೂ ಬಗ್ಗಿಸುತ್ತದೆ, ಬೆಸುಗೆಯಲ್ಲಿ ಬಿರುಕು ಹುಟ್ಟುವುದು ಹೀಗೆ. ಮೂತಿಯಿಂದ ಬಲಗಡೆಯ ಡೇವಿಟ್ ಬುಡಕ್ಕೆ, ಹಿಂಭಾಗದಿಂದ ಎಡಗಡೆಯ ಬುಡಕ್ಕೆ ಓರೆ ಹಗ್ಗಗಳನ್ನು ಬಿಗಿದೆವು. ಡಿಂಗಿಯ ತಳದ ಕೆಳಗಿಂದ ಎರಡು ಅಗಲ ಪಟ್ಟಿ ತಂದು ಡೇವಿಟ್‌ಗೆ ಅಪ್ಪಿಸಿದೆವು. ಉಜ್ಜುವ ಕಡೆ ಹಳೇ ಫೈರ್ ಹೋಸ್ ತುಂಡು ತೊಡಿಸಿದೆ, ಅದಕ್ಕಿಂತ ಒಳ್ಳೆಯ ಕವಚ ಇಲ್ಲ.

ಒಂದು ಸೂಕ್ಷ್ಮ ಇದೆ. ಪಟ್ಟಿಯನ್ನು ಟ್ಯೂಬಿನ ಮೇಲೆ ಬಿಗಿದರೆ ಮಧ್ಯಾಹ್ನ ಬಿಗಿ ಇದ್ದದ್ದು ರಾತ್ರಿ ಸಡಿಲ. 25 ಡಿಗ್ರಿಯಲ್ಲಿ 0.25 ಬಾರ್ ತುಂಬಿದ ಟ್ಯೂಬು ಬಿಸಿಲಿಗೆ 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 0.40 ಆಗುತ್ತದೆ. ಮಳೆ ಬಿದ್ದು ತಣಿದಾಗ ಮತ್ತೆ ಕುಗ್ಗುತ್ತದೆ, ಪಟ್ಟಿ ಜೋಲುತ್ತದೆ, ತೂಗಾಟ ಶುರು. ಅದಕ್ಕೇ ಪಟ್ಟಿಯ ಎಳೆತ ಫೈಬರ್ ತಳದ ಮೇಲೆ ಬೀಳುವಂತೆ ಜಾಗ ಹೊಂದಿಸಿದೆವು.

ಪರೀಕ್ಷೆ

ಡಿಂಗಿಯನ್ನೇ ನೇತುಹಾಕಿ ಪರೀಕ್ಷೆ ಮಾಡುವುದು ಸರಿಯಲ್ಲ. ಪ್ಲಾಸ್ಟಿಕ್ ಡ್ರಮ್ಮಿಗೆ ಪಟ್ಟಿ ಕಟ್ಟಿ, ತಕ್ಕಡಿ ಮೂಲಕ ಡೇವಿಟ್‌ಗೆ ತೂಗಿಸಿ, ತಕ್ಕಡಿ 125 ತೋರಿಸುವವರೆಗೆ ಪೈಪಿನಲ್ಲಿ ನೀರು ತುಂಬಿದೆವು. ಡ್ರಮ್ ನೀರಿನಿಂದ ಒಂದು ಅಡಿ ಮೇಲೆ, ಕೆಳಗೆ ಯಾರೂ ಇಲ್ಲ. ತುದಿ ಎಷ್ಟು ಬಾಗಿತು ಎಂದು ಕಂಬಿಗೆ ಎಳೆದು ಕಟ್ಟಿದ ದಾರದಿಂದ ಅಳೆದೆ, 12 ಮಿ.ಮೀ. ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ನೀರು ಖಾಲಿ ಮಾಡಿದಾಗ ದಾರ ಮೊದಲಿನ ಗುರುತಿಗೇ ಬಂತು. ಎರಡು ಕೈಗೂ ಹೀಗೇ ಮಾಡಿ, ಬೋಟಿನೊಳಗೆ ತೆವಳಿ ಬುಡದ ಬೋಲ್ಟ್‌ಗಳನ್ನೂ, ಬಲಗಡೆಗೆ ಇನ್ನೊಮ್ಮೆ ಕೆಂಪು ಬಣ್ಣದಲ್ಲಿ ಬೆಸುಗೆಯನ್ನೂ ನೋಡಿದೆವು. ಹಡಗಿನ ಲೈಫ್‌ಬೋಟ್ ಡೇವಿಟ್‌ಗಳಿಗೆ ಕಾರ್ಖಾನೆಯಲ್ಲಿ 2.2 ಪಟ್ಟು ಭಾರ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಅದನ್ನು ಕೇಳಿ ಇಂಥ ಸಣ್ಣ ಡೇವಿಟ್‌ಗೆ ಮನೆಯಲ್ಲೇ ಹಾಗೆ ಮಾಡಬೇಡಿ. ಪಟ್ಟಿಯಲ್ಲಿ ಬರೆದಷ್ಟೇ ಸಾಕು.

ಎಲ್ಲ ಮುಗಿದ ಮೇಲೆ ಮಾಲೀಕರು ಬಂದರು. ದಡದಿಂದ ಡಿಂಗಿಯಲ್ಲಿ ಬಂದು, "ನಾ ಇಲ್ಲೇ ಕೂತಿರ್ತೀನಿ, ಹಂಗ ಎತ್ತಿಬಿಡ್ರಿ" ಅಂದರು. ಆಗಲ್ಲ ಸರ್ ಅಂದೆ. ಹಡಗುಗಳಲ್ಲಿ ಜನ ಕೂತಿದ್ದ ಲೈಫ್‌ಬೋಟ್‌ಗಳ ಕೊಕ್ಕೆ ಕಳಚಿ ಎಷ್ಟೋ ಮಂದಿ ಸತ್ತಿದ್ದಾರೆ, ಅಭ್ಯಾಸದ ಹೊತ್ತಿನಲ್ಲೇ. 2011ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅಂಥ ಕೊಕ್ಕೆಗಳನ್ನೆಲ್ಲ ಮತ್ತೆ ಪರಿಶೀಲಿಸಿ ಬದಲಾಯಿಸುವ ಕ್ರಮ ತಂದದ್ದು ಅದಕ್ಕೇ. ಅಷ್ಟು ದೊಡ್ಡ ಸಾಮಾನಿನ ಗತಿ ಹಾಗಿದ್ದರೆ ಇದು ಯಾವ ಲೆಕ್ಕ? ಅವರು ಮರುಮಾತಾಡದೆ ಏಣಿ ಹತ್ತಿದರು.

ಹುಡುಗನಿಗೆ ಕಲಿಸಿದ ಕ್ರಮ ಹೀಗಿದೆ. ಎತ್ತುವಾಗ ಮೊದಲು ಡಿಂಗಿಯ ಮೂತಿಯ ಹಗ್ಗವನ್ನು ಬೋಟಿಗೆ ಕಟ್ಟು. ಎಂಜಿನ್, ಟ್ಯಾಂಕ್ ಮೇಲೆ ಕೊಡು. ಮೂತಿಯ ಕೊಕ್ಕೆ ಮೊದಲು, ಹಿಂಭಾಗ ಆಮೇಲೆ. ಜನ ಮೇಲೆ ಬಂದ ಮೇಲೆಯೇ ಎಳೆ. ನೀರು ಬಿಟ್ಟು ಒಂದು ಅಡಿ ಏರಿದಾಗ ನಿಲ್ಲಿಸಿ, ಕೊಕ್ಕೆಗಳ ಬಾಗಿಲು ನೋಡಿ, ಕೊಕ್ಕೆ ಇರುವ ಉದ್ದ ಕೋಲಿನಿಂದ ಪ್ಲಗ್ ತೆಗೆದು ಒಳಗಿನ ನೀರು ಇಳಿಸು. ಆಮೇಲೆ ಪೂರ್ತಿ ಎತ್ತು, ಗಿಡ್ಡ ಹಗ್ಗ, ಪಟ್ಟಿ, ಓರೆ ಹಗ್ಗ. ಇಳಿಸುವಾಗ ಮೊದಲು ಪ್ಲಗ್ ಹಾಕು, ಕೊಕ್ಕೆ ಬಿಚ್ಚುವಾಗ ಹಿಂಭಾಗ ಮೊದಲು. ಸೆಳೆತ ಜೋರಿದ್ದರೆ ನೀರು ನಿಲ್ಲುವವರೆಗೆ ಕಾಯಿ, ಇಲ್ಲದಿದ್ದರೆ ಡಿಂಗಿ ಬೇಡವೇ ಬೇಡ, ದಡದವರಿಗೆ ಫೋನ್ ಮಾಡಿ ದೋಣಿ ಕರೆಸು.

ಹಡಗಿನಲ್ಲಿ ಲೈಫ್‌ಬೋಟಿನ ಎತ್ತುವ ಹಗ್ಗವನ್ನು ಹೆಚ್ಚೆಂದರೆ 5 ವರ್ಷಕ್ಕೆ ಬದಲಾಯಿಸಲೇಬೇಕು. ಅದು ಗ್ರೀಸ್ ಹಚ್ಚಿದ ತಂತಿ ಹಗ್ಗ. ಇಲ್ಲಿ ಬಿಸಿಲಲ್ಲೇ ಇರುವ ಪಾಲಿಯೆಸ್ಟರ್, ಎರಡು ಮಳೆಗಾಲ ಕಳೆದ ಮೇಲೆ ನಾನು ಇಟ್ಟುಕೊಳ್ಳುವುದಿಲ್ಲ. ಅಕ್ಟೋಬರ್‌ನಲ್ಲಿ ತುದಿ ಬದಲಿಸಿ ಹಾಕುತ್ತೇನೆ, ರಾಟೆಯಲ್ಲಿ ಮಡಚುವ ಜಾಗ ಬೇರೆಯಾಗಲಿ ಎಂದು. ಬಲಗಡೆ ಮೇಲಿನ ರಾಟೆಯ ಒಂದು ಗಾಲಿ ಸ್ವಲ್ಪ ಸವೆದಿದೆ, ಹೊಸದಕ್ಕೆ ಹೇಳಿದ್ದೇನೆ. ಬರುವವರೆಗೆ ಆ ಕಡೆ ನಾನೇ ಎಳೆಯುತ್ತೇನೆ, ಹುಡುಗ ಮೂತಿಯ ಕಡೆ.